ನಲವತ್ತರ ನಂತರ ಹೊಸ ಅಳತೆ

ನಲವತ್ತು ಹತ್ತಿರವಾಗುತ್ತಿದ್ದಂತೆ ನನ್ನ ಬಟ್ಟೆಗಳು ಒಂದೊಂದಾಗಿ ನನಗೆ ಒಗ್ಗದೆ ಹೋದವು. ತೂಕ ಏರಿರಬೇಕು ಅಂತ ನೋಡಿದರೆ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಆದರೂ ಕುರ್ತಾ ಹೊಟ್ಟೆಯ ಹತ್ತಿರ ಹಿಡಿಯುತ್ತಿತ್ತು, ಭುಜದಲ್ಲಿ ಜಾರುತ್ತಿತ್ತು. ಜಂಪರಿನ, ಅಂದರೆ ಸೀರೆಯ ರವಿಕೆಯ, ತೋಳು ಬಿಗಿ, ಬೆನ್ನು ಸಡಿಲ. ಬೇರೆ ಕಾರಣಕ್ಕೆ ಡಾಕ್ಟರ್ ಹತ್ತಿರ ಹೋದಾಗ ಮಾತಿಗೆ ಇದನ್ನೂ ಕೇಳಿದೆ. ಈ ವಯಸ್ಸಿನಲ್ಲಿ ಈಸ್ಟ್ರೋಜನ್ ಕಡಿಮೆಯಾಗತೊಡಗಿದರೆ, ತೊಡೆ ಮತ್ತು ಸೊಂಟದ ಕೆಳಗೆ ಕೂರುತ್ತಿದ್ದ ಕೊಬ್ಬು ಹೊಟ್ಟೆಯ ಕಡೆ ಸೇರುತ್ತದೆ, ತೂಕ ಅಷ್ಟೇ ಇದ್ದರೂ ಮೈಯ ಆಕಾರ ಬದಲಾಗುತ್ತದೆ ಅಂದರು. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47ರ ಸುಮಾರು. ಅದಕ್ಕೂ ಕೆಲವು ವರ್ಷ ಮೊದಲೇ ಈ ಬದಲಾವಣೆ ಶುರುವಾಗುತ್ತದೆ. ಇಷ್ಟು ತಿಳಿದ ಮೇಲೆ ನನಗೆ ದೊಡ್ಡ ಸಮಾಧಾನವಾಯಿತು. ಹಳೇ ಬಟ್ಟೆಗೆ ಮೈಯನ್ನು ಇಳಿಸುವ ಯೋಚನೆ ಅಂದೇ ಬಿಟ್ಟೆ. ಈ ಮೈಗೆ ಒಪ್ಪುವ ಬಟ್ಟೆ ಯಾವುದು ಅಂತ ಹುಡುಕಲು ಹೊರಟೆ.

ಮೊದಲು ಹೋಗಿದ್ದು ಅಂಗಡಿಗಳಿಗೇ. ನಮ್ಮ ವಯಸ್ಸಿನವರಿಗೆ ಅಲ್ಲಿ ಇರುವುದು ಎರಡೇ ಥರ. ಒಂದು, ಕಾಲೇಜು ಹುಡುಗಿಯರಿಗೆ ಹೊಲಿದದ್ದು. ಇನ್ನೊಂದು, ಮೇಲಿಂದ ಕೆಳಗಿನವರೆಗೂ ಒಂದೇ ಅಗಲದ ದೊಗಳೆ ಕುರ್ತಾ. ಕೌಂಟರಿನ ಹುಡುಗ ನನ್ನ ಮುಖ ನೋಡಿದವನೇ ಎರಡನೆಯ ರಾಶಿಗೆ ಕೈ ಹಾಕುತ್ತಿದ್ದ. ಸೈಜಂತೂ ಹೇಳುವುದೇ ಬೇಡ. ಒಂದು ಕಂಪನಿಯ ಎಲ್ ನನಗೆ ಸರಿಹೋದರೆ ಇನ್ನೊಂದರ ಡಬಲ್ ಎಕ್ಸ್‌ಎಲ್ ಕೂಡ ಹಿಡಿಯುತ್ತಿತ್ತು. ಇದಕ್ಕೆ ಕಾರಣ ಇದೆ. ಭಾರತೀಯರ ಮೈಗೆ ಅಂತಲೇ ಒಂದು ಅಳತೆಪಟ್ಟಿ ನಮ್ಮಲ್ಲಿ ಇರಲಿಲ್ಲ. ಬಹಳಷ್ಟು ಕಂಪನಿಗಳು ಅಮೆರಿಕ, ಇಂಗ್ಲೆಂಡಿನ ಪಟ್ಟಿಯನ್ನೇ ತಿದ್ದಿ ಬಳಸುತ್ತಿದ್ದವು. ಆ ಕೊರತೆ ನೀಗಲಿ ಅಂತಲೇ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ 'ಇಂಡಿಯಾಸೈಜ್' ಎಂಬ ಯೋಜನೆ ಹಾಕಿಕೊಂಡಿತು. ಬೆಂಗಳೂರೂ ಸೇರಿ ಆರು ನಗರಗಳಲ್ಲಿ 15ರಿಂದ 65 ವಯಸ್ಸಿನ 25 ಸಾವಿರ ಜನರ ಅಳತೆಯನ್ನು 3ಡಿ ಸ್ಕ್ಯಾನರಿನಲ್ಲಿ ತೆಗೆಯುವ ಯೋಜನೆ ಅದು. ಟ್ರಯಲ್ ರೂಮಿನಲ್ಲಿ ಜಿಪ್ ಏರದೆ ಬೇಸರಪಟ್ಟುಕೊಳ್ಳುವ ಹೆಂಗಸರಿಗೆಲ್ಲ ಈ ವಿಷಯ ಗೊತ್ತಿರಬೇಕು ಅಂತ ನನಗೆ ಮನಸಾರೆ ಅನಿಸುತ್ತದೆ. ತಪ್ಪು ಅಲ್ಲಿ ನಮ್ಮ ಮೈಯದಲ್ಲ.

ಅಂಗಡಿ ಸುತ್ತುವುದು ನಿಲ್ಲಿಸಿ ಮನೆಯಲ್ಲೇ ನೋಡತೊಡಗಿದೆ. ಕಪಾಟು ತೆರೆದರೆ ಎಲ್ಲವೂ ಚಂದವೇ, ಅಲ್ವಾ? ಅದರಿಂದ ಏನೂ ಗೊತ್ತಾಗುವುದಿಲ್ಲ. ಗೊತ್ತಾಗಿದ್ದು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ಹಗ್ಗದಿಂದ. ವಾರದ ಬಟ್ಟೆ ಒಗೆದು ಹಾಕಿದ ಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡುತ್ತಿದ್ದೆ. ಕಪಾಟಿನಲ್ಲಿ ಎಷ್ಟೇ ಬಟ್ಟೆ ಇರಲಿ, ಹಗ್ಗದ ಮೇಲೆ ಪದೇ ಪದೇ ಬರುವುದು ಕೆಲವೇ ಕೆಲವು. ನಾನು ನಿಜವಾಗಿ ಹಾಕುವ ಬಟ್ಟೆ ಅಂದರೆ ಅವೇ. ಉಳಿದದ್ದೆಲ್ಲ ಎಂದಾದರೂ ಹಾಕಬಹುದು ಅಂತ ಇಟ್ಟುಕೊಂಡವು.

ಆ ಫೋಟೋಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನ್ನ ಇಷ್ಟ ನನಗೇ ಸ್ಪಷ್ಟವಾಗಿ ಕಂಡಿತು. ಎಲ್ಲವೂ ಹತ್ತಿ. ತೋಳು ಮೊಣಕೈಗಿಂತ ಚೂರು ಕೆಳಗೆ. ಮೈತುಂಬ ಹೂವಿನ ಪ್ರಿಂಟು ಎಲ್ಲೂ ಇಲ್ಲ. ಒಂದೇ ಬಣ್ಣದ ಒಡಲು, ಅಂಚು ಮಾತ್ರ ಬೇರೆ. ಕೊರಳು ಚಿಕ್ಕದು, ಇಲ್ಲವೇ ಪಟ್ಟಿ ಕಾಲರು. ಮತ್ತೆ ಜೇಬು! ಜೇಬಿದ್ದ ಕುರ್ತಾ ಪ್ರತಿ ವಾರವೂ ಹಗ್ಗದ ಮೇಲಿತ್ತು. ಹಬ್ಬಕ್ಕೆ ಅಂತ ದುಡ್ಡು ಕೊಟ್ಟು ತಂದ ಜಾರ್ಜೆಟ್, ನೆಟ್ಟು, ಹೊಳೆಯುವ ಪ್ರಿಂಟು ಒಂದೂ ಇಲ್ಲ.

ಹತ್ತಿಯ ಮಾತು ಬರೀ ಇಷ್ಟದ ಪ್ರಶ್ನೆ ಆಗಿರಲಿಲ್ಲ. ಧಾರವಾಡದ ಮನೆಯಿಂದ ಹುಬ್ಬಳ್ಳಿಯ ಆಫೀಸಿಗೆ ನಾನು ದಿನಾ ಚಿಗರಿ ಬಸ್ಸಿನಲ್ಲಿ ಹೋಗಿಬರುತ್ತೇನೆ. ಬಸ್ಸಿನೊಳಗೆ ಎಸಿ, ಇಳಿದರೆ ಬಿಸಿಲು, ಆಫೀಸಿನಲ್ಲಿ ಫ್ಯಾನು. ಇದರ ನಡುವೆ ಮಧ್ಯಾಹ್ನ ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಬಿಸಿ ಏರುತ್ತದೆ. ಕುತ್ತಿಗೆಯಲ್ಲಿ ಬೆವರು ಇಳಿಯುತ್ತದೆ. ಅನುಭವಿಸಿದವರಿಗೆ ಗೊತ್ತು. ಆಗ ಮೈಮೇಲೆ ಪಾಲಿಯೆಸ್ಟರ್ ಇದ್ದರೆ ಕೂರಲಾಗುವುದಿಲ್ಲ. ಅದು ಬೆವರು ಹೀರುವುದೇ ಇಲ್ಲ. ಅಂಗಡಿಯಲ್ಲಿ ಕಾಟನ್ ಅಂತ ಕೊಟ್ಟದ್ದರಲ್ಲಿ ಅರ್ಧಕ್ಕರ್ಧ ಮಿಶ್ರಣ ಇರುವುದೂ ಉಂಟು. ಅದಕ್ಕೇ ಈಗ ಬಟ್ಟೆಯ ಅಂಚಿನಿಂದ ಒಂದೆರಡು ಎಳೆ ಕಿತ್ತು, ಅಡುಗೆಮನೆಯ ಸಿಂಕಿನ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡುತ್ತೇನೆ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಅದು ಬಿಸಿ ಇರುವಾಗ ಮುಟ್ಟಬಾರದು. ಮಿಶ್ರಣ ಇದ್ದರೆ ಸ್ವಲ್ಪ ಬೂದಿ, ಸ್ವಲ್ಪ ಗುಂಡು. ಅಂಗಡಿಯವರ ಮಾತಿಗಿಂತ ನನಗೆ ಈ ಪರೀಕ್ಷೆಯ ಮೇಲೆ ನಂಬಿಕೆ ಜಾಸ್ತಿ.

ನಿಜವಾದ ತಿರುವು ಸಿಕ್ಕಿದ್ದು ಟೇಲರ್ ಅಕ್ಕನ ಹತ್ತಿರ. ಅಳತೆಗೆ ಹಳೇ ಜಂಪರ್ ಕೊಟ್ಟು ಬರುವುದು ನಮ್ಮ ಕಡೆ ರೂಢಿ. ನಮ್ಮ ಅವ್ವ, ಚಿಕ್ಕವ್ವ, ಆಫೀಸಿನ ಗೆಳತಿಯರು ಎಲ್ಲರೂ ಹಾಗೇ ಮಾಡುವುದು. ನಾನೂ ಹಾಗೇ ಚೀಲದಿಂದ ತೆಗೆದೆ. ಆಕೆ ಅದನ್ನು ಬಿಡಿಸಿ ನೋಡಿ, ನನ್ನನ್ನು ನೋಡಿ, ಮಡಚಿ ವಾಪಸ್ ಕೊಟ್ಟಳು.

"ಇದು ಯಾವಾಗಿಂದ್ರೀ ಅಕ್ಕಾರ?"

"ಮಗಳು ಹುಟ್ಟಿದ ಮ್ಯಾಲೆ ಹೊಲಿಸಿದ್ದು."

"ಮಗಳು ಈಗ ಕಾಲೇಜಿಗೆ ಹೊಂಟಾಳ. ಆವಾಗಿನ ಅಳತಿ ಈಗೂ ನಡೀತೈತೇನ್ರೀ? ಬರ್ರಿ, ಹೊಸಾದು ತಗೊಳ್ಳೋಣು."

ಟೇಪು ಹಿಡಿಯುವ ಮುಂಚೆ ಆಕೆ ಇನ್ನೊಂದು ಮಾತು ಹೇಳಿದಳು. ಹೊರಗೆ ಗಂಡಸರಿದ್ದರು, ದನಿ ತಗ್ಗಿಸಿ ಹೇಳಿದಳು. "ಮೊದಲ ಒಳಗಿಂದು ಸರಿ ಮಾಡ್ಕೊಂಡು ಬರ್ರಿ. ಅದು ಸಡ್ಲ ಇದ್ರ ನಾ ಎಷ್ಟ್ ಚಲೋ ಹೊಲದ್ರೂ ಜಂಪರ್ ಕೂಡಂಗಿಲ್ಲ." ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಆದ್ದರಿಂದ ನಾನು ಇಲ್ಲಿ ಬರೆದೇ ಬಿಡುತ್ತೇನೆ. ಬ್ರಾ ಸೈಜು ಕೂಡ ವಯಸ್ಸಿನ ಜೊತೆ ಬದಲಾಗುತ್ತದೆ. ಎದೆಯ ಕೆಳಗೆ ಸುತ್ತಳತೆ ತೆಗೆದುಕೊಳ್ಳಿ, ಅದು ಪಟ್ಟಿಯ ಅಳತೆ. ಎದೆಯ ತುಂಬಿದ ಭಾಗದಲ್ಲಿ ಇನ್ನೊಂದು. ಎರಡರ ನಡುವೆ ಒಂದು ಇಂಚು ವ್ಯತ್ಯಾಸ ಇದ್ದರೆ ಎ ಕಪ್, ಎರಡಿದ್ದರೆ ಬಿ, ಮೂರಿದ್ದರೆ ಸಿ. ಅಂದಾಜಿನ ಲೆಕ್ಕ ಇದು, ಕಂಪನಿಯಿಂದ ಕಂಪನಿಗೆ ಚೂರು ಹೆಚ್ಚುಕಡಿಮೆ ಆಗುತ್ತದೆ. ಭಾರ ಹೊರಬೇಕಾದದ್ದು ಕೆಳಗಿನ ಪಟ್ಟಿ. ಭುಜದ ಮೇಲಿನ ಪಟ್ಟಿ ಬರೀ ಆಸರೆಗೆ. ಇದೊಂದನ್ನು ಸರಿ ಮಾಡಿಕೊಂಡ ಮೇಲೆ ಸಂಜೆ ಹೊತ್ತಿಗೆ ಬರುತ್ತಿದ್ದ ಭುಜದ ನೋವೂ ಕಡಿಮೆಯಾಯಿತು. ಅರ್ಧದಷ್ಟು ಹಳೇ ಕುರ್ತಾಗಳೂ ಮತ್ತೆ ನೆಟ್ಟಗೆ ಕೂತವು.

ಆಮೇಲೆ ಆಕೆ ಅಸ್ತರ್ ಬಟ್ಟೆಯಲ್ಲಿ ಒಂದು ಮಾದರಿ ಕುರ್ತಾ ಹೊಲಿದು ನನ್ನ ಮೈಮೇಲೆ ಹಾಕಿ ನೋಡಿದಳು. ಕೊರಳಿಲ್ಲ, ಗುಂಡಿಯಿಲ್ಲ, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ. ಸೀಮೆಸುಣ್ಣ ಹಿಡಿದು ನನ್ನ ಸುತ್ತ ತಿರುಗಿದಳು. ಭುಜದ ಹೊಲಿಗೆ ಅರ್ಧ ಇಂಚು ಒಳಗೆ ಬಂತು. ಎದೆಯ ಆಕಾರಕ್ಕೆ ಹಿಡಿಯುವ ಮಡಿಕೆ, ಅಂದರೆ ಟಕ್ಸ್, ಕೆಳಗಿಳಿಯಿತು. ಕಂಕುಳನ್ನು ಆಕೆ ಮೇಲಕ್ಕೆ ಎತ್ತಿದಾಗ ನನಗೆ ಗಾಬರಿ. ಹಿಡಿಯುತ್ತದೆ ಅಂದೆ. "ಕೈ ಎತ್ತಿ ನೋಡ್ರಿ" ಅಂದಳು. ಬಸ್ಸಿನಲ್ಲಿ ಮೇಲಿನ ಹಿಡಿಕೆ ಹಿಡಿಯುವ ಹಾಗೆ ಎತ್ತಿದೆ. ಕುರ್ತಾ ಇದ್ದಲ್ಲೇ ಇತ್ತು! ಕಂಕುಳ ಕೆಳಗೆ ಇಳಿದಷ್ಟೂ ಕೈ ಎತ್ತಿದಾಗ ಇಡೀ ಬಟ್ಟೆ ಮೇಲೆ ಬರುತ್ತದೆ, ಅದು ಸಡಿಲ ಅಂತ ಅನಿಸುವುದು ಬರೀ ಕೈ ಇಳಿಬಿಟ್ಟಾಗ. ಪಕ್ಕದ ಕಟ್ ಎಲ್ಲಿಂದ ಶುರುವಾಗಬೇಕು ಅನ್ನುವುದೂ ಅಷ್ಟೇ ಮುಖ್ಯ. ಸೊಂಟದಿಂದಲೇ ಸೀಳಿದರೆ ಹೊಟ್ಟೆಯ ಮೇಲೆ ಬಟ್ಟೆ ಎರಡು ಕಡೆ ಬಿರಿಯುತ್ತದೆ. ಸೊಂಟದ ಕೆಳಗೆ ಮೈ ತುಂಬಿದ ಜಾಗದವರೆಗೆ ಹೊಲಿದು ಅಲ್ಲಿಂದ ಬಿಟ್ಟರೆ ಕುರ್ತಾ ನೇರ ಇಳಿಯುತ್ತದೆ. ಒಳಗೆ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಬಿಡಿಸಿದೆ. ಮೈ ಇನ್ನೂ ಬದಲಾಗುತ್ತದೆ, ಬಿಚ್ಚಿ ಹೊಲಿಯಲು ಜಾಗ ಬೇಕಲ್ಲ.

ಆ ಮಾದರಿಯನ್ನು ಆಕೆ ಬಿಚ್ಚಿ ದಪ್ಪ ಕಾಗದದ ಮೇಲಿಟ್ಟು ಕತ್ತರಿಸಿಕೊಂಡು, ಮೇಲೆ ನನ್ನ ಹೆಸರು ಬರೆದು ಸುತ್ತಿಟ್ಟಳು. ಈಗ ನಾನು ಅರಿವೆ ಮಾತ್ರ ಒಯ್ದು ಕೊಟ್ಟರೆ ಸಾಕು. ಅರಿವೆಗಿಂತ ಹೊಲಿಗೆಗೆ ಜಾಸ್ತಿ ಕೊಟ್ಟ ಕುರ್ತಾಗಳೂ ನನ್ನ ಹತ್ತಿರ ಇವೆ. ಆ ದುಡ್ಡು ಕೊಡುವಾಗ ನನಗೆ ಒಂದು ಚೂರೂ ಬೇಜಾರಾಗಿಲ್ಲ. ಚಲೋ ಹೊಲಿಯುವವರ ಕೈಯಲ್ಲಿ ಇರುವ ವಿದ್ಯೆಗೆ ನಾವು ಕೊಡುವ ಕೂಲಿ ಇವತ್ತಿಗೂ ಬಹಳ ಕಡಿಮೆ.

ಅರಿವೆಗೆ ಹೆಚ್ಚು ಅಲೆಯಬೇಕಾಗಲಿಲ್ಲ. ನಾವಿರುವುದು ಖಾದಿಯ ಸೀಮೆ. ಧಾರವಾಡದ ಪಕ್ಕದ ಗರಗದಲ್ಲಿ ನೇಯುವ ಖಾದಿ ರಾಷ್ಟ್ರಧ್ವಜಕ್ಕೆ ಹೋಗಿದೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ಹೊಲಿಯುತ್ತಾರೆ. ಅಕ್ಟೋಬರ್ 2ರ ಗಾಂಧಿ ಜಯಂತಿಯ ಹೊತ್ತಿಗೆ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಇರುತ್ತದೆ. ಒಡಲಿಗೆ ಬೇಕಾದ ಬಟ್ಟೆಯನ್ನು ನಾನು ಆಗ ಒಂದೇ ಸಲ ತಂದಿಡುತ್ತೇನೆ. ತಂದದ್ದನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿಯೇ ಟೇಲರಿಗೆ ಕೊಡುವುದು. ಕೈಮಗ್ಗದ ಹತ್ತಿ ಮೊದಲ ಒಗೆತಕ್ಕೆ ಕುಗ್ಗಿಯೇ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಅಷ್ಟೆಲ್ಲ ಅಳತೆ ತೆಗೆದದ್ದು ದಂಡ.

ಖಣದ, ಅಂದರೆ ಜಂಪರಿನ ಬಟ್ಟೆಯ, ಗಂಟು ಬಿಚ್ಚಿದ್ದು ಈ ನಡುವೆಯೇ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅಕ್ಕಿ, ಕಾಯಿ, ಎಲೆ ಅಡಿಕೆಯ ಜೊತೆ ಖಣ ಇಡುತ್ತಾರೆ. ಮದುವೆ, ಸೀಮಂತ, ಗೃಹಪ್ರವೇಶ, ಪಂಚಮಿ, ಯಾವುದೇ ಇರಲಿ. ಎಷ್ಟೋ ವರ್ಷಗಳ ಖಣಗಳು ಅವ್ವನ ಟ್ರಂಕಿನಲ್ಲಿದ್ದವು. ಎಷ್ಟೋ ಮಂದಿ ಅವನ್ನು ಹೊಲಿಸುವುದೇ ಇಲ್ಲ, ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ. ಆ ಗಂಟಿನಲ್ಲಿ ಪೇಟೆಯ ಮಿಂಚು ಬಟ್ಟೆಗಳ ನಡುವೆ ಅಸಲಿ ಗುಳೇದಗುಡ್ಡದ ಖಣಗಳು ಸಿಕ್ಕವು. ಅಂಚು ಕಟ್ಟಿದ, ಒಡಲ ತುಂಬ ಸಣ್ಣ ಚಿತ್ತಾರ ಎದ್ದು ಕಾಣುವ ಬಟ್ಟೆ. ಅವ್ವ ಒಂದೊಂದನ್ನೇ ತೊಡೆಯ ಮೇಲೆ ಹರವಿ ಹೆಸರು ಹೇಳಿದಳು. ಇದು ತೇರು, ಇದು ಆನೆಹೆಜ್ಜೆ, ಇದು ಸೂಜಿಮಲ್ಲಿಗೆ. ಅವಳಿಗೆ ಇದೆಲ್ಲ ಗೊತ್ತಿದೆ ಅನ್ನುವುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೈಮಗ್ಗದ ಖಣದ ಅಗಲ ಕಡಿಮೆ. ಜಂಪರಿಗೆ ಅಂತಲೇ ನೇಯುವುದರಿಂದ ಒಂದರಲ್ಲಿ ಕುರ್ತಾ ಆಗುವುದಿಲ್ಲ. ಟೇಲರ್ ಅಕ್ಕ ಮತ್ತು ನಾನು ನೆಲದ ಮೇಲೆ ಹಾಸಿಕೊಂಡು ಲೆಕ್ಕ ಹಾಕಿದೆವು. ಕಡುನೀಲಿ ಖಾದಿ ಕುರ್ತಾಕ್ಕೆ ಎದೆಯ ಪಟ್ಟಿ ಮತ್ತು ತೋಳಿನ ತುದಿ ಖಣದ್ದು. ಇನ್ನೊಂದಕ್ಕೆ ಜೇಬು ಮತ್ತು ಕಾಲರು ಮಾತ್ರ. ಎರಡು ಕಿರಮಂಜಿ ಖಣ ಜೋಡಿಸಿ, ಅಂಚು ಎರಡೂ ಮುಂದೆ ನೇರ ಇಳಿಯುವಂತೆ ಒಂದು ತೋಳಿಲ್ಲದ ಕೋಟು. ಬಸ್ಸಿನ ತಂಪಿಗೆ ಅದನ್ನು ಹಾಕಿಕೊಂಡು, ಆಫೀಸಿನಲ್ಲಿ ಬಿಸಿ ಏರಿದಾಗ ತೆಗೆದು ಕುರ್ಚಿಗೆ ಹಾಕುತ್ತೇನೆ. ಖಣ ತೆಳುವಾದ್ದರಿಂದ ಒಳಗೆ ಹತ್ತಿಯ ಅಸ್ತರ್ ಬೇಕೇ ಬೇಕು, ಇಲ್ಲದಿದ್ದರೆ ಹೊಲಿಗೆಯ ಹತ್ತಿರ ಎಳೆ ಬಿಡುತ್ತದೆ. ಆ ಕೋಟನ್ನು ಮಗಳು ಜೀನ್ಸ್ ಮೇಲೆ ಹಾಕಿಕೊಂಡು ಕಾಲೇಜಿಗೆ ಹೋಗಿಬಿಡುತ್ತಾಳೆ. ಅದಕ್ಕೇ ಇನ್ನೊಂದು ಹೊಲಿಸಬೇಕಾಯಿತು.

ಬಣ್ಣದ ವಿಷಯಕ್ಕೆ ಮನೆಯಲ್ಲಿ ಚರ್ಚೆಯೇ ನಡೆಯಿತು. ತಲೆಗೆ ಬಣ್ಣ ಹಚ್ಚುವುದನ್ನು ನಾನು ಬಿಟ್ಟಿದ್ದೇನೆ, ಕಿವಿಯ ಹತ್ತಿರ ಚೆನ್ನಾಗಿಯೇ ನರೆತಿದೆ. ಅತ್ತೆಯ ಕಡೆಯ ಒಬ್ಬ ಹಿರಿಯರು, "ಇನ್ನ ಮ್ಯಾಲೆ ತಿಳಿ ಬಣ್ಣ ಹಾಕಬೇಕವಾ, ವಯಸ್ಸಿಗೆ ಅದು ಚಂದ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ನಾನು ಒಪ್ಪುವುದಿಲ್ಲ. ನಮ್ಮ ಅಜ್ಜಿ ಎಂಬತ್ತರ ಹತ್ತಿರದಲ್ಲೂ ದಾಳಿಂಬೆ ಬಣ್ಣದ ಇಳಕಲ್ ಉಡುತ್ತಿದ್ದಳು. ಹೊಲಕ್ಕೂ ಅದೇ, ಸಂತೆಗೂ ಅದೇ. ಅವಳನ್ನು ನೋಡಿ ವಯಸ್ಸಿಗೆ ತಕ್ಕುದಲ್ಲ ಅಂತ ಯಾರೂ ಅಂದದ್ದಿಲ್ಲ. ಸುಮ್ನೆ ವಾದ ಮಾಡುವುದು ಬೇಡ ಅಂತ ಕನ್ನಡಿಯನ್ನು ಹಗಲು ಬೆಳಕಿಗೆ ತಂದಿಟ್ಟು, ಒಂದೊಂದು ಬಟ್ಟೆಯನ್ನೇ ಕೊರಳ ಹತ್ತಿರ ಹಿಡಿದು ನೋಡಿದೆ. ಕೆನೆ ಬಣ್ಣ, ತಿಳಿ ಕಂದು ಹಿಡಿದರೆ ಕಣ್ಣ ಕೆಳಗಿನ ಕಪ್ಪು ಎದ್ದು ಕಂಡಿತು. ಕಡು ಹಸಿರು, ನೀಲಿ, ಕಿರಮಂಜಿ, ಬದನೆಕಾಯಿ ಬಣ್ಣ ಹಿಡಿದರೆ ಮುಖ ಕಳೆಗಟ್ಟಿತು, ನರೆಗೂದಲೂ ಚಂದ ಕಂಡಿತು. ನನ್ನ ಮೈಬಣ್ಣಕ್ಕೆ ಹೀಗೆ, ಬೇರೆಯವರಿಗೆ ಬೇರೆ ಇರಬಹುದು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮಾತ್ರ ಬಣ್ಣ ಆರಿಸಬೇಡಿ. ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಗಳಲ್ಲಿ ನಾನು ಸೀರೆಯ ಸೆರಗು ಹಿಡಿದು ಬಾಗಿಲಿಗೇ ಬಂದುಬಿಡುತ್ತೇನೆ, ಯಾರೂ ಬೇಡ ಅಂದಿಲ್ಲ.

ಸೀರೆಯಲ್ಲಿ ನಾನು ಕಡೆಗೆ ಇಳಕಲ್ಲಿಗೇ ಬಂದು ನಿಂತೆ. ಹಗ್ಗದ ಫೋಟೋಗಳಲ್ಲಿ ಕಂಡ ನನ್ನ ಇಷ್ಟವೆಲ್ಲ ಅದರಲ್ಲೇ ಇತ್ತು. ಒಂದೇ ಬಣ್ಣದ ಅಥವಾ ಸಣ್ಣ ಚೌಕಳಿಯ ಒಡಲು, ಗಟ್ಟಿ ಅಂಚು, ಟೋಪ ತೆನಿ ಅನ್ನುವ ಚಿತ್ತಾರದ ಕೆಂಪು ಬಿಳಿ ಸೆರಗು. ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳಿಗೆ ಹಾಸು ಅನ್ನುತ್ತಾರೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸಿ ನೇಯುತ್ತಾರೆ, ಅದಕ್ಕೆ ಕೊಂಡಿ ಅನ್ನುತ್ತಾರೆ. ಸೀರೆ ಉಲ್ಟಾ ಮಾಡಿ ಆ ಜಾಗದ ಮೇಲೆ ಬೆರಳಾಡಿಸಿದರೆ ಸಣ್ಣ ಗೆರೆ ಕೈಗೆ ಹತ್ತುತ್ತದೆ. ಹತ್ತಿಯ ಇಳಕಲ್ ಬೆವರಿಗೆ ಆಗುತ್ತದೆ, ಹತ್ತಿ ರೇಷ್ಮೆ ಬೆರೆತದ್ದು ಸಮಾರಂಭಕ್ಕೆ. ಕಸೂತಿ ಹಾಕಿದ ಕರಿ ಚಂದ್ರಕಾಳಿ ಸೀರೆ ಒಂದನ್ನು ಅವ್ವ ತನ್ನ ಟ್ರಂಕಿನಿಂದಲೇ ಕೊಟ್ಟಳು. ಜಂಪರುಗಳನ್ನು ಹೊಸ ಅಳತೆಯಲ್ಲಿ, ಮೊಣಕೈವರೆಗಿನ ತೋಳಿಟ್ಟು, ಹಿಂದೆ ಕೊರಳು ಹೆಚ್ಚು ಇಳಿಸದೆ ಹೊಲಿಸಿದೆ. ಬಣ್ಣ ಹೊಂದಿಸುವ ಗೋಜಿಗೇ ಹೋಗಲಿಲ್ಲ. ನಾಲ್ಕಾರು ಖಣದ ಜಂಪರು ಯಾವ ಇಳಕಲ್ಲಿಗಾದರೂ ನಡೆಯುತ್ತವೆ, ಅದಕ್ಕೆಂದೇ ಹುಟ್ಟಿದ ಜೋಡಿ ಅದು. ಲಂಗದ ಲಾಡಿ ಸೊಂಟಕ್ಕೆ ಕೊರೆಯುತ್ತಿತ್ತು, ಅದನ್ನೂ ತೆಗೆಸಿ ಎರಡು ಇಂಚಿನ ಪಟ್ಟಿ ಹಾಕಿಸಿದೆ.

ಬೆಳಿಗ್ಗೆ ಕಪಾಟಿನ ಮುಂದೆ ನಿಲ್ಲುವ ಹೊತ್ತು ಈಗ ಕಡಿಮೆಯಾಗಿದೆ. ಇರುವ ಬಟ್ಟೆ ಮೊದಲಿಗಿಂತ ಕಡಿಮೆ, ಯಾವುದಕ್ಕೆ ಕೈ ಹಾಕಿದರೂ ಹಾಕಿಕೊಳ್ಳಬಹುದು. ಜಾರ್ಜೆಟ್ ಸೀರೆಗಳನ್ನು ಇಷ್ಟಪಟ್ಟು ಕೇಳಿದವರಿಗೆ ಕೊಟ್ಟೆ. ಸಮಾರಂಭಕ್ಕೆ ಹೋದಾಗ "ಇದೇನ್ ಬರೇ ಇಳಕಲ್ಲೇ ಉಡ್ತಿಯಲ್ಲ" ಅಂತ ಕೇಳುವವರಿದ್ದಾರೆ. ಹೌದು, ಇದೇ ಉಡ್ತೀನಿ ಅಂತ ಹೇಳುತ್ತೇನೆ.

ಉಡಿ ತುಂಬುವಾಗ ಈಗ ನಾನು ಪ್ಯಾಕೆಟ್ಟಿನ ಮಿಂಚು ಖಣ ಇಡುವುದಿಲ್ಲ. ಹೊಲಿಸಿಕೊಳ್ಳಲು ಬರುವಂಥ ಗುಳೇದಗುಡ್ಡದ್ದೇ ಇಡುತ್ತೇನೆ. ದಾಟಿಸಬೇಡಿ, ಹೊಲಿಸಿ ಹಾಕಿಕೊಳ್ಳಿ ಅಂತ ಬಾಯಿಬಿಟ್ಟು ಹೇಳುತ್ತೇನೆ. ಪಂಚಮಿಗೆ ತವರಿಗೆ ಬಂದ ತಂಗಿಗೂ ಹಾಗೇ ಕೊಟ್ಟೆ. ಮರುದಿನ ಅವಳು ಅಳತೆಗೆ ಅಂತ ತನ್ನ ಹಳೇ ಜಂಪರ್ ತೆಗೆದುಕೊಂಡು ಹೊರಟಳು. ಅದನ್ನು ಮನೆಯಲ್ಲೇ ಬಿಡಿಸಿ, ಟೇಲರ್ ಅಕ್ಕನ ಹತ್ತಿರ ಬರಿಗೈಯಲ್ಲಿ ಕರೆದುಕೊಂಡು ಹೋದೆ.